ಜಗಲಿ ಖಾಲಿಯಾದ ಮರುದಿನ

ದೇವರನ್ನು ಒದೆಯುವ ಕವಿತೆ ನಮ್ಮಲ್ಲಿ ಬೇಕಾದಷ್ಟಿವೆ. ಯಾವ ತಾಲ್ಲೂಕಿನ ಯಾವ ಕವಿಗೋಷ್ಠಿಗೆ ಹೋದರೂ ಅಂಥವು ನಾಲ್ಕು ಕಿವಿಗೆ ಬೀಳುತ್ತವೆ. ಗುಡಿಯ ಬಾಗಿಲು ಮುರಿಯುತ್ತದೆ, ಕಲ್ಲು ಉರುಳುತ್ತದೆ, ಪೂಜಾರಿ ಓಡುತ್ತಾನೆ, ಕೊನೆಗೆ ಕೆಂಪು ಸೂರ್ಯ ಹುಟ್ಟುತ್ತಾನೆ. ಚಪ್ಪಾಳೆ ಬೀಳುತ್ತದೆ. ಓದಿದ ಹುಡುಗ ಕಡೇ ಬಸ್ಸಿಗೆ ಊರಿಗೆ ಹೋಗುತ್ತಾನೆ. ಅವನ ಮನೆಯ ಜಗಲಿ ಮೇಲೆ ಎಲ್ಲವ್ವ ಇದ್ದಾಳೆ, ಅವಳ ಮುಂದೆ ಅವನ ಅವ್ವ ಕೂತಿದ್ದಾಳೆ. ಕವಿತೆ ಅಲ್ಲಿತನಕ ಬರುವುದಿಲ್ಲ, ಬಸ್‌ಸ್ಟ್ಯಾಂಡಿನಲ್ಲೇ ಇಳಿದುಬಿಡುತ್ತದೆ.

ನನ್ನ ತಕರಾರು ಇಷ್ಟೇ ಗೆಳೆಯರೆ. ದೇವರನ್ನು ಬಿಡುವ ಧೈರ್ಯದ ಬಗ್ಗೆ ನಮ್ಮ ಕಾವ್ಯ ಐವತ್ತು ವರ್ಷ ಮಾತಾಡಿದೆ. ಬಿಟ್ಟ ಮರುದಿನ ಮನುಷ್ಯನಿಗೆ ಏನಾಗುತ್ತದೆ ಅನ್ನುವುದರ ಬಗ್ಗೆ ಮಾತ್ರ ಹೆಚ್ಚುಕಡಿಮೆ ಬಾಯಿ ಬಿಟ್ಟಿಲ್ಲ. ಇದು ಬರೀ ಸಾಹಿತ್ಯದ ಕೊರತೆ ಆಗಿದ್ದರೆ ವಿಮರ್ಶಕರಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಆದರೆ ಚಳವಳಿಗೆ ಬಂದು, ಅಂಬೇಡ್ಕರ್ ಓದಿ, ಹರಕೆ ಗಿರಕೆ ಬಿಟ್ಟ ಎಷ್ಟೋ ಮಂದಿ ಮೊದಲ ಕೂಸಿಗೆ ಜ್ವರ ಏರಿದ ರಾತ್ರಿ ಯಾರಿಗೂ ಹೇಳದೆ ಸವದತ್ತಿ ಕಡೆ ಮುಖ ಮಾಡಿ ಕೈ ಮುಗಿಯುತ್ತಾರೆ. ಆಮೇಲೆ ನಾಚಿಕೆಯಿಂದ ನಮ್ಮ ಸಭೆಗೆ ಬರುವುದನ್ನೇ ಬಿಡುತ್ತಾರೆ. ನಾವು ಅವರಿಗೆ ‘ರಾಜಿಕೋರ’ ಅಂತ ಹೆಸರಿಡುತ್ತೇವೆ. ಅವರು ಎದುರಿಸಿದ ರಾತ್ರಿಗೆ ನಾವೇನು ಕೊಟ್ಟಿದ್ದೆವು? ಒಂದು ಘೋಷಣೆ ಕೊಟ್ಟಿದ್ದೆವು. ಘೋಷಣೆ ಹಗಲಿನದು. ಅಂಜಿಕೆ ಬರುವುದು ರಾತ್ರಿ.

ಕನ್ನಡದಲ್ಲಿ ನಂಬಿಕೆ ಕಳಕೊಂಡವನ ಸಂಕಟ ಯಾರೂ ಬರೆದಿಲ್ಲ ಅಂತಲ್ಲ. ಬರೆದವರು ನವ್ಯರು. ಅನಂತಮೂರ್ತಿಯವರ ‘ಭಾರತೀಪುರ’ (1973) ನೋಡಿ. ಇಂಗ್ಲೆಂಡಿನಲ್ಲಿ ಓದಿ ಬಂದ ಜಮೀನ್ದಾರ ಜಗನ್ನಾಥ ಮಂಜುನಾಥನ ಗುಡಿಯೊಳಗೆ ಹೊಲೆಯರನ್ನು ಕರೆದೊಯ್ಯಬೇಕೆಂದು ಹೊರಡುತ್ತಾನೆ. ಅದಕ್ಕೂ ಮೊದಲು ಮನೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು ಹೊಲೆಯರಿಗೆ ‘ಮುಟ್ಟಿ’ ಅನ್ನುತ್ತಾನೆ. ಅವರು ಹಿಂದೆ ಸರಿಯುತ್ತಾರೆ. ಇವನಿಗೆ ಸಿಟ್ಟು ಬರುತ್ತದೆ, ಗದರುತ್ತಾನೆ. ದೇವರ ಅಂಜಿಕೆ ಒಂದು ಕಡೆ, ಒಡೆಯನ ಅಂಜಿಕೆ ಇನ್ನೊಂದು ಕಡೆ. ಕೊನೆಗೆ ಒಡೆಯನ ಅಂಜಿಕೆಯೇ ಗೆದ್ದು ಮುಟ್ಟುತ್ತಾರೆ.

ಆ ಪುಟಗಳಲ್ಲಿ ಜಗನ್ನಾಥನ ಮನಸ್ಸಿನ ಒಂದೊಂದು ಎಳೆಯೂ ಇದೆ. ಅವನ ನಾಚಿಕೆ, ಅವನ ಅಹಂಕಾರ, ಚಿಕ್ಕಮ್ಮನ ದುಃಖ ನೋಡಿ ಅವನಿಗಾಗುವ ನೋವು, ಎಲ್ಲ ಇದೆ. ಮುಟ್ಟಿದವರ ಮನಸ್ಸು? ಅವರು ಆ ರಾತ್ರಿ ನಿದ್ದೆ ಮಾಡಿದರೋ ಇಲ್ಲವೋ? ಯಾವ ಹೆಂಗಸು ಗಂಡನಿಗೆ ‘ಯಾಕ ಮುಟ್ಟಿದಿ’ ಅಂತ ಜಗಳ ತೆಗೆದಳು? ಕಾದಂಬರಿ ಅವರ ಗುಡಿಸಲಿನೊಳಗೆ ಹೋಗುವುದಿಲ್ಲ. ತನಗೆ ಆ ಒಳಗು ಗೊತ್ತಿಲ್ಲ ಅನ್ನುವುದನ್ನು ಅದು ಮುಚ್ಚಿಡುವುದೂ ಇಲ್ಲ, ಅದು ಅದರ ಪ್ರಾಮಾಣಿಕತೆ. ಅದನ್ನು ನಾನು ಬೈಯುವುದಿಲ್ಲ. ಒಳಗಿನಿಂದ ಬರೆಯಬೇಕಾದವರು ನಾವು. ಐವತ್ತು ವರ್ಷ ಆಯ್ತು, ಆ ಗುಡಿಸಲಿನ ಬಾಗಿಲು ಇನ್ನೂ ಮುಚ್ಚೇ ಇದೆ.

ಮತ್ತೊಂದು ಮಾತು. ಸಾಲಿಗ್ರಾಮ ಹೊಲೆಯನ ದೇವರೇ ಅಲ್ಲ. ಜಗನ್ನಾಥ ಬಿಡುತ್ತಿರುವುದು ತನ್ನದನ್ನು, ಮುಟ್ಟಿಸುತ್ತಿರುವುದು ನಮಗೆ. ಅವನು ನಾಸ್ತಿಕನಾದರೂ ಜಮೀನು ಅವನದೇ, ಜಾತಿ ಅವನದೇ. ಎ.ಎನ್. ಮೂರ್ತಿರಾಯರ ‘ದೇವರು’ (1991) ಪುಸ್ತಕವನ್ನು ಹಳ್ಳಿಯ ಮೇಷ್ಟರುಗಳು ಈಗಲೂ ಪ್ರೀತಿಯಿಂದ ಓದುತ್ತಾರೆ. 1900ರಲ್ಲಿ ಹುಟ್ಟಿದ ಹಿರಿಯರು ತೊಂಬತ್ತರ ವಯಸ್ಸಿನಲ್ಲಿ ಎಷ್ಟು ತಣ್ಣಗೆ, ಎಷ್ಟು ಸಭ್ಯವಾಗಿ ದೇವರ ಜೊತೆ ವಾದ ಮಾಡುತ್ತಾರೆ! ಆ ಪುಸ್ತಕ ನಮಗೆ ಬೇಕು. ಆದರೆ ಆ ತಣ್ಣನೆಯ ದನಿ ಕೇರಿಯ ಹುಡುಗನಿಗೆ ಸಲೀಸಾಗಿ ಬರುವುದಿಲ್ಲ. ಮೇಲ್ಜಾತಿಯವನು ದೇವರನ್ನು ಬಿಟ್ಟರೆ ಊರು ಅವನಿಗೆ ‘ವಿಚಾರವಂತ’ ಅನ್ನುತ್ತದೆ. ಕೇರಿಯವನು ಬಿಟ್ಟರೆ ‘ನಾಕ ಅಕ್ಷರ ಕಲ್ತ ಮ್ಯಾಲ ಇಂವಗ ಸೊಕ್ಕ ಬಂತ’ ಅನ್ನುತ್ತದೆ. ಊರು ಅವನನ್ನು ಮೊದಲೇ ಒಳಗೆ ಬಿಟ್ಟಿರಲಿಲ್ಲ. ಈಗ ಕೇರಿಯೂ ಅನುಮಾನದಿಂದ ನೋಡುತ್ತದೆ. ಅವನು ಹೋಗುವುದು ಎಲ್ಲಿಗೆ?

ಹಾಗಾದರೆ ನಮ್ಮ ಜನ ಬಿಡಬೇಕಾದ್ದು ಯಾವ ದೇವರನ್ನ? ಇದನ್ನು ನಮ್ಮ ಕಾವ್ಯ ಸರಿಯಾಗಿ ಕೇಳಿಕೊಂಡಿಲ್ಲ. ರಾಮ, ಕೃಷ್ಣ, ಬ್ರಹ್ಮ ಇವರನ್ನು ಬಿಡುವುದಕ್ಕೆ ನಮಗೆ ಅಂಥ ಕಷ್ಟವೇನೂ ಆಗಲಿಲ್ಲ. ಗುಡಿಯೊಳಗೆ ಬಿಡದ ದೇವರನ್ನು ಬಿಡುವುದು ಸುಲಭ. ತಲೆ ಮೇಲೆ ಹೊತ್ತ ದೇವರನ್ನು ಇಳಿಸುವುದೇ ಕಷ್ಟ.

ನಮ್ಮ ಮುಶಿಗೇರಿ ಸೀಮೆಯಲ್ಲಿ, ಈ ಗಜೇಂದ್ರಗಡ-ರೋಣದ ಊರುಗಳಲ್ಲಿ, ಬುಟ್ಟಿಯಲ್ಲಿ ಜಗ ಹೊತ್ತ ಜೋಗತಿಯನ್ನು ನೋಡದ ಕೇರಿ ಇಲ್ಲ. ಕೇರಿಯ ಹೆಣ್ಣುಮಕ್ಕಳ ವರ್ಷ ಎಲ್ಲವ್ವನ ಹುಣ್ಣಿಮೆಗಳ ಲೆಕ್ಕದಲ್ಲಿ ತಿರುಗುತ್ತದೆ. ರಂಡಿ ಹುಣ್ಣಿಮೆಗೆ ಜಮದಗ್ನಿ ಸತ್ತನೆಂದು ಜೋಗತಿಯರು ಬಳೆ ಒಡೆಯುತ್ತಾರೆ, ಮುತ್ತೈದಿ ಹುಣ್ಣಿಮೆಗೆ ಮತ್ತೆ ಇಟ್ಟುಕೊಳ್ಳುತ್ತಾರೆ. ಪಡ್ಡಲಗಿ ತುಂಬಿಸುವ ದಿನ ಕಡುಬು, ಹೋಳಿಗೆ, ಪುಂಡಿಪಲ್ಲೆ. ವರ್ಷವೆಲ್ಲ ಇನ್ನೊಬ್ಬರ ಹೊಲದಲ್ಲಿ ಬಗ್ಗಿದ ಬೆನ್ನು ಅವತ್ತು ನೆಟ್ಟಗಾಗುತ್ತದೆ. ಚೌಡಿಕೆ ಬಾರಿಸುತ್ತದೆ. ಕುಡಿದು ಬಡಿಯುವ ಗಂಡ, ತೀರದ ಸಾಲ, ಗೋವಾಕ್ಕೆ ದುಡಿಯಲು ಹೋಗಿ ಸುದ್ದಿ ಇಲ್ಲದ ಮಗ, ಇಷ್ಟನ್ನೂ ಕೂತು ಕೇಳುವ ಕಿವಿ ನಮ್ಮ ಅವ್ವಂದಿರಿಗೆ ಎಲ್ಲಿತ್ತು? ಯಾವ ಪಂಚಾಯ್ತಿಯಲ್ಲಿತ್ತು, ಯಾವ ಆಫೀಸಿನಲ್ಲಿತ್ತು? ಎಲ್ಲವ್ವ ಏನೂ ಮಾಡಿಕೊಡಲಿಲ್ಲ ಅನ್ನುವುದು ಖರೆ. ಕೇಳಿಸಿಕೊಂಡಳು ಅಂತ ಅವರು ತಿಳಿದುಕೊಂಡದ್ದೂ ಖರೆ. ಆ ಒಂದು ಕಿವಿಯನ್ನು ಕಿತ್ತುಕೊಳ್ಳುವಾಗ ಬದಲಿಗೆ ನಾವು ಏನಿಟ್ಟೆವು?

ಇಷ್ಟು ಬರೆದೆ ಅಂತ ನನ್ನನ್ನು ಜನಪದ ಭಕ್ತರ ಸಾಲಿಗೆ ಸೇರಿಸಬೇಡಿ. ಅದೇ ಬುಟ್ಟಿ ನಮ್ಮ ಹುಡುಗಿಯರ ಕೊರಳಿಗೆ ಮುತ್ತು ಕಟ್ಟಿತು. ಕೂದಲು ಗಂಟುಬಿದ್ದು ಜಡೆಯಾದರೆ ‘ಅವ್ವ ಕರದಾಳ’ ಅಂದರು, ಆ ನೆವದಲ್ಲಿ ಹುಡುಗಿಯನ್ನು ಬಿಟ್ಟರು. ಮುತ್ತು ಕಟ್ಟಿಸಿಕೊಂಡವಳು ದೇವರ ಹೆಸರಿನಲ್ಲಿ ಊರ ಉಳ್ಳವರ ಪಾಲಾದಳು. 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಆಯ್ತು. ಕದ್ದು ಕಟ್ಟುವುದು ಆಮೇಲೂ ನಡೆಯಿತು. ಇನ್ನು ದ್ಯಾಮವ್ವನ ಕತೆ ಗೊತ್ತೇ ಇದೆಯಲ್ಲ. ನಮ್ಮ ಕುಲದವನೊಬ್ಬ ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹೆಣ್ಣನ್ನು ಮದುವೆಯಾದನಂತೆ, ಗೊತ್ತಾದ ಮೇಲೆ ಆಕೆ ಉರಿದೆದ್ದಳಂತೆ, ಅವನು ಕೋಣನಾದನಂತೆ. ಆ ಕೋಣನನ್ನು ಜಾತ್ರೆ ಜಾತ್ರೆಗೂ ಕಡಿಯುವುದು, ಅದರ ಚಾಕರಿ ನಮ್ಮವರೇ ಮಾಡುವುದು. ನಮ್ಮ ಮುತ್ತಜ್ಜನನ್ನು ಕೊಂದ ಕತೆಗೆ ನಾವೇ ಹಲಗೆ ಬಾರಿಸಿದೆವು! ಇಂಥ ಅವಮಾನದ ಕತೆಯ ಮುಂದೆ ನಿಂತು ನಮ್ಮ ಆಯಿ ಕಣ್ಣೀರು ಹಾಕಿ ‘ಕಾಯವ್ವಾ ತಾಯಿ’ ಅಂದಳು. ಎರಡೂ ಖರೆ. ಅವಮಾನವೂ ಖರೆ, ಕಣ್ಣೀರೂ ಖರೆ. ಒಂದನ್ನೇ ಹೇಳುವ ಕವಿತೆ ಅರ್ಧ ಕವಿತೆ.

ಈ ಎರಡು ಸತ್ಯ ಮುಖಾಮುಖಿ ಡಿಕ್ಕಿ ಹೊಡೆದದ್ದು 1986ರ ಮಾರ್ಚ್‌ನಲ್ಲಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ. ರೇಣುಕಾಂಬೆಯ ಬೆತ್ತಲೆ ಸೇವೆ ತಡೆಯಲು ದಲಿತ ಸಂಘರ್ಷ ಸಮಿತಿಯವರೂ ಪ್ರಗತಿಪರರೂ ಹೋದರು. ಭಕ್ತರು ತಿರುಗಿಬಿದ್ದರು. ಕಾರ್ಯಕರ್ತರನ್ನು, ಪೊಲೀಸರನ್ನು, ಹೆಣ್ಣು ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ಹೊಡೆಸಿಕೊಂಡವರಲ್ಲಿ ದಲಿತರಿದ್ದರು, ಹರಕೆ ಹೊತ್ತು ಬಂದವರಲ್ಲೂ ದಲಿತರೇ ಹೆಚ್ಚಿದ್ದರು. ಆಮೇಲೆ ಸರಕಾರ ಬೆತ್ತಲೆ ಸೇವೆ ನಿಷೇಧಿಸಿತು. ಆಗಬೇಕಾದ್ದೇ ಅದು. ಅನಂತಮೂರ್ತಿಯವರು ಬೆತ್ತಲೆ ಪೂಜೆ ಯಾಕೆ ಕೂಡದು ಎಂದು ಕೇಳಿ ಪ್ರಬಂಧ ಬರೆದರು, ಆಧುನಿಕರ ಆತ್ಮವಿಶ್ವಾಸವನ್ನೇ ಅನುಮಾನಿಸಿದರು. ನಮ್ಮವರು ಅವರ ಮೇಲೆ ಮುಗಿಬಿದ್ದರು. ಎರಡೂ ಕಡೆ ಬಹಳ ಶಾಯಿ ಖರ್ಚಾಯ್ತು.

ಆ ಗದ್ದಲದಲ್ಲಿ ವರದಾ ನದಿಯಲ್ಲಿ ಮುಳುಗೆದ್ದು ಬೇವಿನ ಸೊಪ್ಪು ಹಿಡಿದು ಗುಡ್ಡ ಏರಲು ಬಂದಿದ್ದ ಹೆಂಗಸು ಎಲ್ಲಿ ಹೋದಳು? ಅವಳು ಯಾವ ಸಿದ್ಧಾಂತಕ್ಕೂ ಬೆತ್ತಲಾಗುತ್ತಿರಲಿಲ್ಲ. ಹರಕೆ ಮುಟ್ಟಿಸದಿದ್ದರೆ ಕೂಸು ಉಳಿಯುವುದಿಲ್ಲ ಅನ್ನುವ ಅಂಜಿಕೆ ಅವಳ ಹೊಟ್ಟೆಯಲ್ಲಿತ್ತು. ಪೊಲೀಸರು ತಡೆದ ವರ್ಷ ಆ ಅಂಜಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವಳು ಊರಿಗೆ ಹೋಗಿರಬೇಕು. ಆ ವರ್ಷ ಕೂಸು ಕೆಮ್ಮಿದಾಗಲೆಲ್ಲ ಅವಳ ಎದೆ ಹೇಗೆ ಬಡಿದುಕೊಂಡಿರಬೇಡ! ಅನಂತಮೂರ್ತಿಯವರಿಗೆ ಅವಳ ನಂಬಿಕೆ ದೊಡ್ಡದಾಗಿ ಕಂಡಿತು, ನಮ್ಮವರಿಗೆ ಅವಳ ಅಜ್ಞಾನ ದೊಡ್ಡದಾಗಿ ಕಂಡಿತು. ಅವಳ ಅಂಜಿಕೆ ಇಬ್ಬರಿಗೂ ಕಾಣಲಿಲ್ಲ. ಕಾಯ್ದೆ ಮೈಗೆ ಬಟ್ಟೆ ಕೊಡಬಲ್ಲದು, ಎದೆಯ ನಡುಕ ನಿಲ್ಲಿಸಲಾರದು. ಆ ಕೆಲಸ ಮಾತಿನದು. ಅಂದರೆ ಸಾಹಿತ್ಯದ್ದು.

ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕ ‘ದಿ ಫ್ಲೇಮಿಂಗ್ ಫೀಟ್’ನಲ್ಲಿ ಈ ಗಾಯದ ಹತ್ತಿರ ಬಂದರು. ಹಿಂದೂ ಲೋಕವನ್ನು ಪೂರಾ ತಿರಸ್ಕರಿಸುವ ಭರದಲ್ಲಿ ದಲಿತ ಚಳವಳಿ ತನ್ನದೇ ದೇವತೆ, ಹಾಡು, ನೆನಪುಗಳನ್ನೂ ಕಳಕೊಂಡು ಬಡವಾಯಿತು ಅನ್ನುವುದು ಅವರ ವಾದ. ಈ ಮಾತಿನಲ್ಲಿ ಹುರುಳಿದೆ. ಆದರೆ ನನ್ನದೊಂದು ಪ್ರಶ್ನೆ ಇದೆ: ನೆನಪು ಉಳಿಯಬೇಕು, ಸರಿ, ಯಾರ ತಲೆಯ ಮೇಲೆ ಉಳಿಯಬೇಕು? ಜಗ ಹೊರುವವಳು ಹೆಣ್ಣು, ಮುತ್ತು ಕಟ್ಟಿಸಿಕೊಂಡವಳು ಹೆಣ್ಣು. ಗಂಡಸು ಚಳವಳಿಗೆ ಹೋಗಿ ನಾಸ್ತಿಕನಾಗುತ್ತಾನೆ. ಮನೆಯ ದೇವರು ಹೆಂಡತಿಯ ಪಾಲಿಗೆ ಬೀಳುತ್ತದೆ. ಉಪವಾಸ ಅವಳದು, ಪಡ್ಡಲಗಿ ಅವಳದು, ಏನಾದರೂ ಎಡವಟ್ಟಾದರೆ ‘ನೀ ಸರಿಯಾಗಿ ನಡಕೊಳ್ಳಲಿಲ್ಲ’ ಅನ್ನುವ ಬೈಗುಳವೂ ಅವಳದೇ. ಗಂಡಸಿನ ನಾಸ್ತಿಕತೆಯ ಖರ್ಚನ್ನು ಹೆಣ್ಣಿನ ಭಕ್ತಿ ತುಂಬಿಕೊಡುತ್ತದೆ. ಇದನ್ನು ಯಾವ ಕವಿಗೋಷ್ಠಿಯಲ್ಲಿ ಕೇಳಿದ್ದೀರಿ?

ನಮ್ಮ ಹಿರಿಯರು ಈ ಇಕ್ಕಟ್ಟನ್ನು ಹೇಗೆ ದಾಟಿದರು ಅಂತ ನೋಡಬೇಕು. ಬಿ. ಬಸವಲಿಂಗಪ್ಪನವರು ದೇವರ ಪಟಗಳನ್ನು ಚರಂಡಿಗೆ ಎಸೆಯಲು ಕರೆ ಕೊಟ್ಟರು. 1973ರ ಬೂಸಾ ಗಲಾಟೆಯಲ್ಲಿ ಅವರ ಜೊತೆ ದಲಿತ ಹುಡುಗರೂ ಏಟು ತಿಂದರು. ಆ ಕರೆ ಬೇಕಿತ್ತು. ಅದಿಲ್ಲದೆ ನನ್ನಂಥವರು ಬಾಯಿ ತೆಗೆಯುತ್ತಿರಲಿಲ್ಲ. ಸಿದ್ಧಲಿಂಗಯ್ಯನವರು 1975ರಲ್ಲಿ ‘ಹೊಲೆಮಾದಿಗರ ಹಾಡು’ ಕೊಟ್ಟರು; ಅದೇ ಸಿದ್ಧಲಿಂಗಯ್ಯ ಮುಂದೆ ಗ್ರಾಮದೇವತೆಗಳ ಮೇಲೆ ಸಂಶೋಧನೆ ಮಾಡಿದರು. ಇದನ್ನು ಕೆಲವರು ಹಿನ್ನಡೆ ಅಂದರು. ನನಗೆ ಹಾಗನ್ನಿಸುವುದಿಲ್ಲ. ಒದ್ದು ಹೊರಬಂದ ಬಾಗಿಲನ್ನು ತಿರುಗಿ ನೋಡುವುದಕ್ಕೂ ಧೈರ್ಯ ಬೇಕು. ನಮ್ಮ ಜನ ತಮ್ಮ ದೇವತೆಗಳನ್ನು ಬೈಯುತ್ತಾರೆ, ಜಗಳ ಮಾಡುತ್ತಾರೆ, ಜೋಕು ಮಾಡುತ್ತಾರೆ. ಆ ಸಲುಗೆಯೊಳಗೆ ಅರ್ಧ ಬಿಡುಗಡೆ ಆಗಲೇ ಇದೆ ಅನ್ನುವುದನ್ನು ಅವರು ಕಂಡುಕೊಂಡರು.

ಎಲ್ಲರಿಗಿಂತ ಮೊದಲು ಬಾಬಾಸಾಹೇಬರನ್ನು ನೋಡಬೇಕಿತ್ತು. ನಾವು ಅವರ ಸಿಟ್ಟನ್ನು ಓದಿದೆವು, ದುಃಖವನ್ನು ಓದಲಿಲ್ಲ. ರಮಾಬಾಯಿಯವರು ದೈವಭಕ್ತೆ. ಪಂಢರಪುರಕ್ಕೆ ಹೋಗಬೇಕು, ವಿಠ್ಠಲನ್ನ ನೋಡಬೇಕು ಅನ್ನುವ ಆಸೆ ಅವರಿಗಿತ್ತು. ನಮ್ಮನ್ನು ದೂರ ನಿಲ್ಲಿಸುವ ಪಂಢರಪುರ ಯಾಕೆ, ನೊಂದವರ ಸೇವೆ ಮಾಡಿ ನಾವೇ ಬೇರೊಂದು ಪಂಢರಪುರ ಕಟ್ಟೋಣ ಅನ್ನುವ ಅರ್ಥದ ಮಾತನ್ನು ಬಾಬಾಸಾಹೇಬರು ಹೇಳಿದರೆಂದು ಜೀವನಚರಿತ್ರೆಕಾರ ಧನಂಜಯ ಕೀರ್ ಬರೆಯುತ್ತಾರೆ. 1935ರ ಮೇ 27ರಂದು ರಮಾಬಾಯಿ ತೀರಿಕೊಂಡರು, ಪಂಢರಪುರ ನೋಡದೆಯೇ. ಅವರು ಹೋದ ಮೇಲೆ ಬಾಬಾಸಾಹೇಬರು ತಲೆ ಬೋಳಿಸಿಕೊಂಡರು, ಕ್ರಿಯಾಕರ್ಮ ಮಾಡಿಸಿದರು. ಐದು ತಿಂಗಳು ತುಂಬುವುದರೊಳಗೆ, ಅಕ್ಟೋಬರ್ 13ರಂದು, ಯೇವಲಾದಲ್ಲಿ ನಿಂತು ನಾನು ಹಿಂದೂವಾಗಿ ಸಾಯುವುದಿಲ್ಲ ಅಂದರು.

ಈ ಎರಡು ಘಟನೆ ಒಟ್ಟಿಗೆ ಇಟ್ಟು ನೋಡಿ ಗೆಳೆಯರೆ. ಬೋಳಿಸಿದ ತಲೆಯ ಕೂದಲು ಇನ್ನೂ ಪೂರ್ತಿ ಬೆಳೆದಿರಲಿಕ್ಕಿಲ್ಲ. ಹೆಂಡತಿಯ ಸಾವಿನಲ್ಲಿ ಹಳೆಯ ಕ್ರಮವನ್ನೇ ಹಿಡಿದ ಮನುಷ್ಯ ಅದೇ ವರ್ಷ ಆ ಧರ್ಮದ ಬಾಗಿಲು ಹಾಕಿಕೊಂಡು ಬಂದ. ಇದನ್ನು ವಿರೋಧಾಭಾಸ ಅನ್ನುವವರು ಅನ್ನಲಿ. ನನಗೆ ಇದರಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ. ಬಿಡುವುದು ಒಂದು ದಿನದ ಕೆಲಸ ಆಗಿರಲಿಲ್ಲ ಅವರಿಗೆ. ಯೇವಲಾದಿಂದ 1956ರ ಅಕ್ಟೋಬರ್ 14ರ ನಾಗಪುರಕ್ಕೆ 21 ವರ್ಷ ಹಿಡಿಯಿತು. ಅಷ್ಟು ವರ್ಷ ಅವರು ಹುಡುಕಿದ್ದು, ಬಿಟ್ಟ ಕೈಗೆ ಹಿಡಿಯಲು ಏನು ಕೊಡಬೇಕು ಅನ್ನುವುದನ್ನ. ನಾಗಪುರದ 22 ಪ್ರತಿಜ್ಞೆಗಳನ್ನು ನಮ್ಮ ವೇದಿಕೆಗಳಲ್ಲಿ ಗಟ್ಟಿಯಾಗಿ ಓದುತ್ತೇವೆ. ಬ್ರಹ್ಮ ವಿಷ್ಣು ಮಹೇಶ್ವರರನ್ನು ಪೂಜಿಸುವುದಿಲ್ಲ ಅನ್ನುವಾಗ ದನಿ ಏರುತ್ತದೆ. ಕರುಣೆ ಇಟ್ಟುಕೊಳ್ಳುತ್ತೇನೆ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ ಅನ್ನುವ ಮಾತುಗಳಿಗೆ ಬರುವಷ್ಟರಲ್ಲಿ ದನಿ ಇಳಿದಿರುತ್ತದೆ. ಬಿಡುವ ಪ್ರತಿಜ್ಞೆಯ ಬೆನ್ನಿಗೇ ಹಿಡಿಯುವ ಪ್ರತಿಜ್ಞೆಯನ್ನು ಅವರು ಸುಮ್ಮನೆ ಇಟ್ಟಿರಲಿಲ್ಲ. ಜಗಲಿ ಬಹಳ ದಿನ ಖಾಲಿ ಇರುವುದಿಲ್ಲ, ನಾವು ಏನೂ ಇಡದಿದ್ದರೆ ಹಳೆಯದೇ ಬಂದು ಕೂರುತ್ತದೆ, ಇಲ್ಲವೇ ಅದಕ್ಕಿಂತ ಕೆಟ್ಟದ್ದು ಬಂದು ಕೂರುತ್ತದೆ. ಕೇಸರಿ ಬಾವುಟ ಹಿಡಿದು ನಮ್ಮ ಕೇರಿಗಳಿಗೇ ಬರುತ್ತಿರುವವರಿಗೆ ಈ ಖಾಲಿ ಜಾಗ ಚೆನ್ನಾಗಿ ಗೊತ್ತು.

ಭಗತ್ ಸಿಂಗ್ ಕೂಡ ಇದನ್ನು ಮುಚ್ಚಿಡಲಿಲ್ಲ. 1930ರಲ್ಲಿ ಲಾಹೋರಿನ ಜೈಲಿನಲ್ಲಿ ಕೂತು ತಾನು ಯಾಕೆ ನಾಸ್ತಿಕ ಅಂತ ಬರೆದಾಗ, ನಂಬಿಕೆ ಕಷ್ಟವನ್ನು ಮೆತ್ತಗೆ ಮಾಡುತ್ತದೆ, ಅದಿಲ್ಲದವನು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಅದು ಸಲೀಸಲ್ಲ ಅಂತ ಒಪ್ಪಿಕೊಂಡ. ನೇಣಿನ ಮುಂದೆ ನಿಂತವನು ಒಪ್ಪಿಕೊಂಡದ್ದನ್ನು ಮೈಕಿನ ಮುಂದೆ ನಿಂತ ನಾವು ಯಾಕೆ ಒಪ್ಪಿಕೊಳ್ಳಬಾರದು?

ಹಾಗಾದರೆ ಬೇಕಾದ ಕವಿತೆ ಯಾವುದು? ದೇವರನ್ನು ಬಿಟ್ಟವರಿಗೆ ಅವ್ವ ಹೇಳುವ ಒಂದು ಮಾತು ಈ ಕಡೆ ಎಲ್ಲರಿಗೂ ಗೊತ್ತು: ‘ನೀ ಬಿಟ್ಟಿ ಬಿಡಪಾ, ಆಕಿ ನಿನ್ನ ಬಿಡಬೇಕಲ್ಲ?’ ಈ ಮಾತಿಗೆ ಉತ್ತರ ವಾದದಲ್ಲಿಲ್ಲ. ವಾದ ತಲೆಗೆ ಹೋಗುತ್ತದೆ, ಈ ಮಾತು ಹೊಟ್ಟೆಗೆ ಹೋಗಿ ಕೂರುತ್ತದೆ. ಇದಕ್ಕೆ ಉತ್ತರ ಇರುವುದು ಬಿಟ್ಟು ಬದುಕಿದವರ ಅನುಭವದಲ್ಲಿ. ಜಡೆ ಕತ್ತರಿಸಿಕೊಂಡ ಹೆಣ್ಣುಮಕ್ಕಳು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ. ಕತ್ತರಿ ಆಡುವಾಗ ಕೈ ಹೇಗೆ ನಡುಗಿತು, ರಾತ್ರಿ ಏನು ಕನಸು ಬಿತ್ತು, ಅತ್ತೆ ಏನಂದಳು ಇದೆಲ್ಲ ಅವರಿಗೆ ಗೊತ್ತು. ಒಂದು ವಾರ ಆಯ್ತು, ಏನೂ ಆಗಲಿಲ್ಲ. ಒಂದು ಹುಣ್ಣಿಮೆ ಕಳೆಯಿತು, ಏನೂ ಆಗಲಿಲ್ಲ. ತಲೆ ಹಗುರಾಯ್ತು, ಹೇನು ಹೋಯ್ತು, ನಿದ್ದೆ ಬಂತು. ಆ ‘ಏನೂ ಆಗಲಿಲ್ಲ’ ಅನ್ನುವ ಮಾತನ್ನು ಒಬ್ಬ ಹೆಣ್ಣುಮಗಳು ತನ್ನ ಬಾಯಿಂದ ಹೇಳಿದರೆ ಅದು ನಮ್ಮ ನೂರು ಕೆಂಪು ಸೂರ್ಯಂದಿರಿಗಿಂತ ದೊಡ್ಡ ಬೆಳಕು.

ಏನಾದರೂ ಆದರೆ? ಎಮ್ಮೆ ಸತ್ತರೆ, ಬೆಳೆ ಹೋದರೆ, ಮಗನ ಕಾಲು ಮುರಿದರೆ? ಎಮ್ಮೆ ಸಾಯುತ್ತವೆ ಗೆಳೆಯರೆ, ನಂಬಿದವರ ಮನೆಯಲ್ಲೂ ಸಾಯುತ್ತವೆ. ಆದರೆ ಬಿಟ್ಟವರ ಮನೆಯಲ್ಲಿ ಸತ್ತರೆ ಓಣಿ ಎಲ್ಲಾ ಬಂದು ‘ನೋಡಿದ್ಯಾ?’ ಅನ್ನುತ್ತದೆ. ಆ ದಿನ ಆ ಮನೆಯ ಬಾಗಿಲಲ್ಲಿ ನಮ್ಮವರು ಯಾರಿರುತ್ತಾರೆ? ಅವತ್ತು ಹೋಗಿ ಕೂರುವವನೇ ಕಾರ್ಯಕರ್ತ. ಅವತ್ತಿನ ಮಾತನ್ನು ಬರೆಯುವವನೇ ಕವಿ.

ಸಾವಿನ ಮನೆಯ ಲೆಕ್ಕವೂ ಬಾಕಿ ಇದೆ. ಮದುವೆಗೆ ಕುವೆಂಪು ಮಂತ್ರಮಾಂಗಲ್ಯ ಕೊಟ್ಟರು. 1966ರಲ್ಲಿ ತಮ್ಮ ಮಗ ತೇಜಸ್ವಿಯವರ ಮದುವೆಯನ್ನೇ ಹಾಗೆ ಮಾಡಿ ತೋರಿಸಿದರು. ಸಾವಿಗೆ ನಮ್ಮ ಹತ್ತಿರ ಏನಿದೆ? ನಮ್ಮ ಕಡೆ ಹೆಣ ಕೂರಿಸಿ ರಾತ್ರಿ ಪೂರಾ ಭಜನೆ ಹಾಡುತ್ತಾರೆ. ಆ ಹಾಡು ಅಳುವವರ ಬೆನ್ನ ಮೇಲೆ ಕೈ ಇಟ್ಟ ಹಾಗಿರುತ್ತದೆ. ದೇವರನ್ನು ಬಿಟ್ಟವನ ಅಪ್ಪ ಸತ್ತರೆ ಅವನು ಭಜನೆಯಲ್ಲಿ ಕೂರುವ ಹಾಗಿಲ್ಲ, ಎದ್ದು ಹೋಗುವ ಹಾಗೂ ಇಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ಒಬ್ಬನೇ ನಿಲ್ಲುತ್ತಾನೆ. ಅವನ ಕೈಗೆ ಒಂದು ಹಾಡು ಕೊಡಿ. ‘ನೀನು ಮತ್ತೆ ಸಿಗುವುದಿಲ್ಲ ಅಪ್ಪಾ’ ಅನ್ನುವ ಸತ್ಯವನ್ನೇ ಹೇಳುವ, ಆದರೂ ನಾಲ್ಕು ಮಂದಿ ಕೂಡಿ ಹಾಡಬಹುದಾದ ಹಾಡು. ಹೋರಾಟದ ಹಾಡು ಕಟ್ಟಿದ ನಮಗೆ ಇದು ಆಗದ ಕೆಲಸವೇನಲ್ಲ.

2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದರು. ಪ್ರಶ್ನೆ ಕೇಳುವವರ ಎದೆಗೆ ಹೊರಗಿನಿಂದ ಗುಂಡು ಬರುವ ಕಾಲ ಇದು. ಇಂಥ ಕಾಲದಲ್ಲಿ ಒಳಗಿನ ಅಂಜಿಕೆ ಬಗ್ಗೆ ಮಾತಾಡಿದರೆ ಶತ್ರುವಿನ ಕೈಗೆ ಬಡಿಗೆ ಕೊಟ್ಟ ಹಾಗಲ್ಲವಾ ಅಂತ ಕೇಳುವವರಿದ್ದಾರೆ. ನನಗೆ ಅನ್ನಿಸುವುದು ಬೇರೆ. ಅಂಜಿಕೆಯನ್ನು ಬಾಯಿಬಿಟ್ಟು ಹೇಳಿದವನು ಮರುದಿನವೂ ಸಭೆಗೆ ಬರುತ್ತಾನೆ. ಮುಚ್ಚಿಟ್ಟುಕೊಂಡವನು ಒಂದು ದಿನ ಸದ್ದಿಲ್ಲದೆ ಜಾತ್ರೆಯ ಬಸ್ಸು ಹತ್ತುತ್ತಾನೆ.

ಅದಕ್ಕೇ ಈ ಪತ್ರಿಕೆ ಓದುವ ಹಳ್ಳಿ ಶಾಲೆಯ ಮೇಷ್ಟರಿಗೆ, ಅಕ್ಕೋರಿಗೆ, ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ಒಂದು ಮಾತು. ನಿಮ್ಮ ಮುಂದಿನ ಕವಿತೆಯಲ್ಲಿ ಗುಡಿ ಒಡೆಯುವುದು ಸ್ವಲ್ಪ ತಡವಾದರೂ ಚಿಂತೆಯಿಲ್ಲ. ಬಿಟ್ಟ ದಿನ ನಿಮಗೇನಾಯ್ತು, ಆ ರಾತ್ರಿ ಏನಾಯ್ತು, ಅವ್ವ ಏನಂದಳು, ನೀವೇನು ಹೇಳಲಾರದೆ ಹೋದಿರಿ, ಅದನ್ನು ಬರೆಯಿರಿ. ಬರೆಯಲು ಬಾರದ ಹೆಣ್ಣುಮಕ್ಕಳ ಹತ್ತಿರ ಕೂತು ಕೇಳಿ ಬರೆದುಕೊಳ್ಳಿರಿ. ಬರೆದದ್ದನ್ನು ಕವಿಗೋಷ್ಠಿಗಿಂತ ಮೊದಲು ಮನೆಯಲ್ಲಿ ಓದಿರಿ. ಅವ್ವನಿಗೆ ತಿಳಿಯದಿದ್ದರೆ ತಿದ್ದಿರಿ.